ಬಿಗಿದ ಬೆನ್ನು ಗಟ್ಟಿ ಬೆನ್ನಲ್ಲ

ಮುನಿರಾಬಾದಿನ ನನ್ನ ದವಾಖಾನೆಗೆ ಬರುವವರಲ್ಲಿ ಟೊಂಕನೋವಿನವರೇ ಹೆಚ್ಚು. ಗಂಗಾವತಿ, ಕಾರಟಗಿ ಕಡೆಯ ಅಕ್ಕಿ ಗಿರಣಿಗಳ ಹಮಾಲರು, ಎಡದಂಡೆ ಕಾಲುವೆಯ ಗದ್ದೆಗಳಲ್ಲಿ ನಾಟಿ ಹಚ್ಚುವ ಹೆಣ್ಣುಮಕ್ಕಳು, ಗಿಣಿಗೇರಿ ಸುತ್ತಲಿನ ಕಾರ್ಖಾನೆಗಳ ಕಾರ್ಮಿಕರು, ಕಿನ್ನಾಳದಲ್ಲಿ ಬಾಗಿ ಕುಳಿತು ಗೊಂಬೆ ಮಾಡುವವರು, ಕುಷ್ಟಗಿ ಮತ್ತು ಯಲಬುರ್ಗಾದ ಮಳೆಯಾಶ್ರಿತ ಹೊಲಗಳ ರೈತರು. ಇವರ ನೋವಿನಲ್ಲಿ ಬಹುಪಾಲು ದುಡಿಮೆಯದು. ಎರಡು ವಾರ ತೂಕ ಎತ್ತದೆ ಇದ್ದರೆ ಇಳಿಯುತ್ತದೆ.

ಅವರ ನಡುವೆ ಆಗಾಗ ಹರೆಯದವರೊಬ್ಬರು ಬರುತ್ತಾರೆ. ಅವರ ನೋವಿನ ಜಾಡೇ ಬೇರೆ. ಅದು ಬೆನ್ನೆಲುಬಿನ ಉರಿಯೂತದ ಸಂಧಿವಾತ, ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್. ಈ ರೋಗ ಬೆನ್ನನ್ನು ಬಿಗಿದುಬಿಡುತ್ತದೆ ಎಂಬುದು ರೋಗಿಗೂ ಮನೆಯವರಿಗೂ ಬೇಗ ತಿಳಿಯುತ್ತದೆ. ಅದೇ ಕಾಲಕ್ಕೆ ಅದು ಎಲುಬನ್ನು ಒಳಗಿನಿಂದ ಟೊಳ್ಳು ಮಾಡುತ್ತಿರುತ್ತದೆ ಎಂಬುದನ್ನು ಅವರಿಗೆ ಹೇಳುವವರು ಕಡಿಮೆ. ಕೊಪ್ಪಳ ಜಿಲ್ಲೆಯ ಈ ರೋಗಿಗಳನ್ನು ನೋಡುತ್ತ ನಾನು ಕಲಿತದ್ದನ್ನು ಇಲ್ಲಿ ಪಾಠಗಳಾಗಿ ಬರೆದಿದ್ದೇನೆ.

1. ಮೊದಲು ಕೇಳಬೇಕಾದ್ದು: ನೋವು ಮಲಗಿದರೆ ಇಳಿಯುತ್ತದೋ, ಅಡ್ಡಾಡಿದರೆ ಇಳಿಯುತ್ತದೋ?

"ಡಾಕ್ಟ್ರ, ನಸುಕಿನ್ಯಾಗ ಟೊಂಕ ಬಿಗದ್ ಬಿಡ್ತೈತ್ರಿ. ಎದ್ದು ಹೊಲದ ಕಡೆ ಅಡ್ಡಾಡಿ ಬಂದ್ರ ಸಡ್ಲ ಆಕ್ಕೈತಿ." ಇಷ್ಟು ಮಾತು ಕೇಳಿದರೆ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತೇನೆ. ದುಡಿಮೆಯ ನೋವು ವಿಶ್ರಾಂತಿಗೆ ಇಳಿಯುತ್ತದೆ. ಉರಿಯೂತದ ನೋವು ವಿಶ್ರಾಂತಿಯಲ್ಲಿ ಏರುತ್ತದೆ, ಚಲನೆಯಲ್ಲಿ ಇಳಿಯುತ್ತದೆ. ರಾತ್ರಿಯ ಎರಡನೇ ಭಾಗದಲ್ಲಿ ಎಬ್ಬಿಸುತ್ತದೆ. ಬೆಳಗಿನ ಬಿಗಿತ ಅರ್ಧ ಗಂಟೆ ಮೀರುತ್ತದೆ. ಒಮ್ಮೆ ಬಲ ಕುಂಡೆ, ಒಮ್ಮೆ ಎಡ ಕುಂಡೆ ನೋಯುತ್ತದೆ. ಸಾಮಾನ್ಯವಾಗಿ 45 ವರ್ಷದೊಳಗೇ, ಹೆಚ್ಚಿನವರಲ್ಲಿ ಇಪ್ಪತ್ತು–ಮೂವತ್ತರ ನಡುವೆ, ಸದ್ದಿಲ್ಲದೆ ಶುರುವಾಗಿ ಮೂರು ತಿಂಗಳಾದರೂ ಬಿಡುವುದಿಲ್ಲ. ನಡುವೆ ಕಣ್ಣು ಕೆಂಪಾಗಿ ನೋಯುವುದೂ ಇದೇ ರೋಗದ ಗುರುತಾಗಿರಬಹುದು.

"ಆರ್‌ಎ ಟೆಸ್ಟ್ ನೆಗೆಟಿವ್ ಬಂದೈತಿ, ವಾತ ಇಲ್ಲ ಅಂದಾರ್ರಿ" ಎನ್ನುವವರು ಬಹಳ. ಅದು ಬೇರೆ ಬಗೆಯ ಸಂಧಿವಾತದ ಪರೀಕ್ಷೆ, ಈ ರೋಗವನ್ನು ಹಿಡಿಯುವುದೇ ಇಲ್ಲ. ಈ ರೋಗಕ್ಕೂ ಎಚ್‌ಎಲ್‌ಎ ಬಿ27 ಎಂಬ ವಂಶವಾಹಿ ಗುರುತಿಗೂ ನಂಟಿದೆ ಎಂದು 1973ರಲ್ಲಿ ಲಂಡನ್ ಮತ್ತು ಲಾಸ್ ಏಂಜಲೀಸ್‌ನ ಎರಡು ತಂಡಗಳು ತೋರಿಸಿದವು. ಆದರೆ ಆ ಗುರುತು ಇದ್ದವರಿಗೆಲ್ಲ ರೋಗ ಬರುವುದಿಲ್ಲ, ಇಲ್ಲದವರಿಗೂ ಬರಬಹುದು. ಎಕ್ಸ್‌ರೇಯಲ್ಲಿ ಸೊಂಟದ ಹಿಂಭಾಗದ ಕೀಲಿನ ಹಾನಿ ಕಾಣಲು ವರ್ಷಗಳು ಬೇಕು, ಎಂಆರ್‌ಐ ಅದನ್ನು ಮೊದಲೇ ತೋರಿಸುತ್ತದೆ. ಹೆಣ್ಣುಮಕ್ಕಳ ವಿಷಯದಲ್ಲಿ ತಡ ಇನ್ನೂ ಹೆಚ್ಚು. ಬಾಣಂತನದ ಟೊಂಕನೋವು ಎಂದು ಮನೆಯವರೂ ವೈದ್ಯರೂ ಸುಮ್ಮನಾಗುತ್ತಾರೆ. ಹೀಗೆ ಕಳೆದ ಪ್ರತಿ ವರ್ಷವೂ ಎಲುಬಿಗೆ ಆದ ನಷ್ಟವೇ.

2. ಒಂದೇ ಎಲುಬು ಹೊರಗೆ ಬೆಳೆಯುತ್ತದೆ, ಒಳಗೆ ಕರಗುತ್ತದೆ

ನಮ್ಮ ಎಲುಬಿನಲ್ಲಿ ಹಳೆಯದನ್ನು ಕರಗಿಸುವ ಕೋಶಗಳೂ ಹೊಸದನ್ನು ಕಟ್ಟುವ ಕೋಶಗಳೂ ದಿನವೂ ಕೆಲಸ ಮಾಡುತ್ತಿರುತ್ತವೆ. ಉರಿಯೂತ ಇದ್ದಾಗ ಟಿಎನ್‌ಎಫ್‌ನಂಥ ರಾಸಾಯನಿಕಗಳು ಏರಿ ಕರಗಿಸುವ ಕೋಶಗಳನ್ನು ಕೆರಳಿಸುತ್ತವೆ. ಬೆನ್ನಿನ ಮಣಿಯ ಒಳಗಿನ ಜಾಲರಿಯಂಥ ಎಲುಬು ತೆಳುವಾಗುತ್ತ ಹೋಗುತ್ತದೆ. ಅದೇ ಹೊತ್ತಿಗೆ ಮಣಿಯ ಅಂಚಿನಲ್ಲಿ, ಕಟ್ಟುನಾರು ಅಂಟುವ ಕಡೆ, ಹೊಸ ಎಲುಬು ಮೂಡಿ ಒಂದು ಮಣಿಯನ್ನು ಇನ್ನೊಂದಕ್ಕೆ ಬೆಸೆಯುತ್ತದೆ. ಎಕ್ಸ್‌ರೇಯಲ್ಲಿ ಬೆನ್ನು ಬಿದಿರಿನ ಗಳದಂತೆ ಕಾಣುವುದು ಇದರಿಂದಲೇ.

ರೋಗಿಗಳಿಗೆ ನಾನು ಹೊಲದ ಜೋಳದ ದಂಟನ್ನು ನೆನಪಿಸುತ್ತೇನೆ. ಹಸಿ ದಂಟು ಗಾಳಿಗೆ ಬಾಗಿ ಮತ್ತೆ ನಿಲ್ಲುತ್ತದೆ. ಒಣಗಿದ ದಂಟು ಮೇಲೆ ಗಟ್ಟಿ, ಒಳಗೆ ಬೆಂಡು. ಬಾಗಿಸಿದರೆ ಲಟ್ಟನೆ ಮುರಿಯುತ್ತದೆ. ಬೆಸೆದ ಬೆನ್ನಿನದೂ ಇದೇ ಗತಿ. ಬಾಗುವ ಗುಣವೂ ಹೋಗಿದೆ, ಒಳಗಿನ ಬಲವೂ ಹೋಗಿದೆ.

3. ಎಲುಬು ಸವೆಯುವುದು ಮುಪ್ಪಿಗೆ ಕಾಯುವುದಿಲ್ಲ

ಎಲುಬು ಟೊಳ್ಳಾಗುವುದು ಮುಟ್ಟು ನಿಂತ ಅಜ್ಜಿಯರ ಕಾಯಿಲೆ ಎಂಬ ನಂಬಿಕೆ ವೈದ್ಯರಲ್ಲೂ ಇದೆ. ಈ ರೋಗದಲ್ಲಿ ಸವೆತ ಮೊದಲ ಕೆಲವು ವರ್ಷಗಳಲ್ಲೇ ಶುರುವಾಗುತ್ತದೆ, ಬೆನ್ನು ಇನ್ನೂ ಬೆಸೆದಿರದಾಗಲೇ. ಅದೂ ಶರೀರ ತನ್ನ ಜೀವಮಾನದ ಎಲುಬನ್ನು ಕೂಡಿಟ್ಟುಕೊಳ್ಳುವ ವಯಸ್ಸಿನಲ್ಲಿ. ಇಪ್ಪತ್ತೆಂಟರ ಗಂಡಸಿಗೆ ಎಲುಬಿನ ಪರೀಕ್ಷೆ ಬರೆದರೆ ಜೊತೆಗೆ ಬಂದ ಅಪ್ಪ, "ಹುಡುಗಗ ಎದಕ್ಕರಿ ಇದು?" ಎಂದು ಕೇಳುತ್ತಾನೆ. ಹುಡುಗನಿಗೇ ಬೇಕು. ರೋಗ ಗುರುತಿಸಿದ ದಿನವೇ ಎಲುಬಿನ ಲೆಕ್ಕವನ್ನೂ ತೆರೆಯಬೇಕು.

4. ಬೆನ್ನಿನ ಅಂಕಿಯೊಂದನ್ನೇ ನಂಬಬಾರದು, ತೊಡೆಸಂದಿನ ಅಂಕಿಯನ್ನೂ ನೋಡಬೇಕು

ಎಲುಬಿನ ಸಾಂದ್ರತೆಯನ್ನು ಡೆಕ್ಸಾ ಯಂತ್ರ ಅಳೆಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 1994ರ ಲೆಕ್ಕದಲ್ಲಿ, ಹರೆಯದ ಆರೋಗ್ಯವಂತರ ಎಲುಬಿನ ಜೊತೆ ಹೋಲಿಸುವ ಟಿ ಸ್ಕೋರ್ −2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೋಪೊರೋಸಿಸ್, ಅಂದರೆ ಎಲುಬು ಟೊಳ್ಳಾಗುವ ಕಾಯಿಲೆ. ಐವತ್ತರೊಳಗಿನ ಗಂಡಸರಿಗೂ ಮುಟ್ಟು ನಿಲ್ಲದ ಹೆಂಗಸರಿಗೂ ಅದೇ ವಯಸ್ಸಿನವರ ಜೊತೆ ಹೋಲಿಸುವ ಜೆಡ್ ಸ್ಕೋರ್ ನೋಡಬೇಕು. ಅದು −2.0 ಅಥವಾ ಅದಕ್ಕಿಂತ ಕೆಳಗಿದ್ದರೆ ವಯಸ್ಸಿಗೆ ತಕ್ಕ ಎಲುಬು ಇಲ್ಲ ಎಂದರ್ಥ.

ಬೆಸೆದ ಬೆನ್ನಿನಲ್ಲಿ ಯಂತ್ರ ಹೊರಗೆ ಬೆಳೆದ ಎಲುಬನ್ನೂ ಕೂಡಿಸಿಕೊಂಡು ಅಳೆಯುತ್ತದೆ. ಒಳಗೆ ಟೊಳ್ಳಾದ ಬೆನ್ನಿಗೆ 'ನಾರ್ಮಲ್' ಎಂಬ ವರದಿ ಬರುವುದು ಹೀಗೆ. ಆದ್ದರಿಂದ ತೊಡೆಯೆಲುಬಿನ ಕತ್ತಿನ ಅಳತೆಯನ್ನು ತಪ್ಪದೆ ಕೇಳಿ. ಹಬ್ಬ ಜಾತ್ರೆಯ ಶಿಬಿರಗಳಲ್ಲಿ ಹಿಮ್ಮಡಿಗೆ ಯಂತ್ರ ಹಚ್ಚಿ ಕೊಡುವ ಚೀಟಿಯಿಂದ ಈ ರೋಗಿಗಳಿಗೆ ಉತ್ತರ ಸಿಗದು. ಡೆಕ್ಸಾ ಎಲ್ಲ ಊರಲ್ಲೂ ಇಲ್ಲ ನಿಜ. ಎಂಆರ್‌ಐಗೋ ತಜ್ಞರ ಭೇಟಿಗೋ ದೊಡ್ಡ ಊರಿಗೆ ಹೋದಾಗ ಅದೇ ದಿನ ಇದನ್ನೂ ಮಾಡಿಸಿಕೊಂಡು ಬರಲು ನಾನು ಚೀಟಿ ಬರೆದುಕೊಡುತ್ತೇನೆ.

5. ನಮ್ಮ ಜಿಲ್ಲೆಯಲ್ಲಿ ಬೆನ್ನಿನ ಜೊತೆ ನೀರನ್ನೂ ವಿಚಾರಿಸಬೇಕು

ಕೊಪ್ಪಳ ಜಿಲ್ಲೆಯಲ್ಲಿ, ಅದರಲ್ಲೂ ಕುಷ್ಟಗಿ ಮತ್ತು ಯಲಬುರ್ಗಾ ಕಡೆ, ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಇರಬಹುದು, ಬೇರೆ ನೀರಿಲ್ಲದ ಕಡೆ 1.5ರವರೆಗೆ ಸಹಿಸಬಹುದು ಎಂದು ಭಾರತೀಯ ಮಾನಕ ಹೇಳುತ್ತದೆ. ಅದನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದವರ ಬೆನ್ನೂ ಬಿಗಿಯುತ್ತದೆ, ಕುತ್ತಿಗೆ ತಿರುಗದಂತಾಗುತ್ತದೆ, ಕಟ್ಟುನಾರುಗಳಲ್ಲಿ ಸುಣ್ಣ ಕೂರುತ್ತದೆ. ಇದೇ ಫ್ಲೋರೋಸಿಸ್. ನಮ್ಮ ದೇಶದಲ್ಲಿ ಈ ಕಾಯಿಲೆಯನ್ನು ಮೊದಲು ಗುರುತಿಸಿದ್ದು 1937ರಲ್ಲಿ, ಆಗಿನ ಮದರಾಸು ಪ್ರಾಂತದ ನೆಲ್ಲೂರಿನಲ್ಲಿ.

ಹೀಗಾಗಿ ಇಲ್ಲಿ ಒಂದನ್ನು ಇನ್ನೊಂದೆಂದು ತಿಳಿಯುವುದು ಸುಲಭ. ಫ್ಲೋರೋಸಿಸ್‌ನಲ್ಲಿ ಎಕ್ಸ್‌ರೇಯ ಎಲುಬು ಸುಣ್ಣ ಬಳಿದಂತೆ ಬೆಳ್ಳಗಿರುತ್ತದೆ, ಮುಂಗೈಯ ಎರಡು ಎಲುಬುಗಳ ನಡುವಿನ ಪೊರೆಯಲ್ಲೂ ಸುಣ್ಣ ಕಾಣುತ್ತದೆ. ಬಾಲ್ಯದಿಂದ ಅದೇ ನೀರು ಕುಡಿದವರ ಹಲ್ಲಿನ ಮೇಲೆ ಕಂದು ಗೆರೆಗಳಿರುತ್ತವೆ. ಉರಿಯೂತದ ರೋಗದಲ್ಲಿ ಸೊಂಟದ ಹಿಂಭಾಗದ ಕೀಲು ಸವೆದು ಕಚ್ಚುಕಚ್ಚಾಗಿರುತ್ತದೆ. ಹಾಗಾಗಿ ಬೆನ್ನಿನ ಎಕ್ಸ್‌ರೇ ಜೊತೆ ಮುಂಗೈಯದನ್ನೂ ತೆಗೆಸುತ್ತೇನೆ, ಊರ ನೀರಿನ ವರದಿ ಕೇಳುತ್ತೇನೆ. ಎರಡೂ ಕಾಯಿಲೆ ಒಬ್ಬರಲ್ಲೇ ಇರಬಹುದು.

ಫ್ಲೋರೈಡ್ ತುಂಬಿದ ಎಲುಬು ಯಂತ್ರದಲ್ಲಿ ದಟ್ಟವಾಗಿ ಕಂಡರೂ ಬಲವಾಗಿರುವುದಿಲ್ಲ. ಅಮೆರಿಕದ ಮೇಯೋ ಕ್ಲಿನಿಕ್‌ನವರು ಎಲುಬು ಟೊಳ್ಳಾದ ಹೆಂಗಸರಿಗೆ ನಾಲ್ಕು ವರ್ಷ ಫ್ಲೋರೈಡ್ ಗುಳಿಗೆ ಕೊಟ್ಟು ನೋಡಿ 1990ರಲ್ಲಿ ಫಲಿತಾಂಶ ಪ್ರಕಟಿಸಿದರು. ಬೆನ್ನಿನ ಸಾಂದ್ರತೆ ಶೇ. 35ರಷ್ಟು ಏರಿತ್ತು. ಆದರೂ ಬೆನ್ನಿನ ಮಣಿ ಮುರಿಯುವುದು ಗಣನೀಯವಾಗಿ ತಗ್ಗಲಿಲ್ಲ, ಉಳಿದ ಎಲುಬುಗಳು ಇನ್ನೂ ಹೆಚ್ಚು ಮುರಿದವು. ನಮ್ಮ ಜಿಲ್ಲೆಯ ವೈದ್ಯರು ಇದನ್ನು ಮರೆಯಬಾರದು. ನದಿ ಮೂಲದ ನೀರಾಗಲಿ ಶುದ್ಧ ಕುಡಿಯುವ ನೀರಿನ ಘಟಕದ ನೀರಾಗಲಿ ಸಿಗುವ ಕಡೆ ಕುಡಿಯಲು, ಅಡುಗೆಗೆ ಅದನ್ನೇ ಬಳಸಿ. ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ.

6. ಹೆಸರಿಲ್ಲದ ಪುಡಿ, ಹೆಸರು ಹೇಳದ ಗುಳಿಗೆ ಬೇಡ

"ಒಂದ್ ಪೊಟ್ಟಣ ತಗೊಂಡ್ರ ದಿನಾ ಎಲ್ಲಾ ಹಗುರ ಇರ್ತೈತ್ರಿ" ಎಂದು ಹೇಳುವವರ ಮುಖ ಊದಿಕೊಂಡಿರುತ್ತದೆ, ಹೊಟ್ಟೆ ಬಂದಿರುತ್ತದೆ, ಕೈಕಾಲು ತೆಳುವಾಗಿರುತ್ತವೆ. ಪೊಟ್ಟಣದಲ್ಲಿ ಸ್ಟೀರಾಯ್ಡ್ ಇದೆ ಎಂಬುದನ್ನು ಮೈಯೇ ಹೇಳುತ್ತದೆ. ಸ್ಟೀರಾಯ್ಡ್ ಎಲುಬನ್ನು ಅತಿ ಬೇಗ ಕರಗಿಸುವುದು ಮೊದಲ ಮೂರರಿಂದ ಆರು ತಿಂಗಳಲ್ಲಿ. ಬೆನ್ನಿನ ಈ ರೋಗಕ್ಕೆ ದೀರ್ಘಕಾಲ ಸ್ಟೀರಾಯ್ಡ್ ಗುಳಿಗೆ ಕೊಡಬಾರದು ಎಂದು ಅಂತರರಾಷ್ಟ್ರೀಯ ಮಾರ್ಗಸೂಚಿಗಳೇ ಹೇಳುತ್ತವೆ. ಈಗಾಗಲೇ ಉರಿಯೂತ ತಿನ್ನುತ್ತಿರುವ ಎಲುಬಿನ ಮೇಲೆ ಅದು ಎರಡನೇ ಏಟು.

ಒಂದು ಎಚ್ಚರಿಕೆ: ತಿಂಗಳುಗಟ್ಟಲೆ ತೆಗೆದುಕೊಂಡವರು ತಟ್ಟನೆ ನಿಲ್ಲಿಸಬಾರದು. ಶರೀರ ತನ್ನದೇ ಸ್ಟೀರಾಯ್ಡ್ ತಯಾರಿಸುವುದನ್ನು ಬಿಟ್ಟಿರುತ್ತದೆ, ಜೀವಕ್ಕೇ ಅಪಾಯವಾಗಬಹುದು. ಪೊಟ್ಟಣವನ್ನು ಕೈಯಲ್ಲಿ ಹಿಡಿದು ವೈದ್ಯರ ಬಳಿ ಬನ್ನಿ, ಮೆಲ್ಲಮೆಲ್ಲನೆ ಇಳಿಸುತ್ತಾರೆ.

7. ಉರಿಯೂತ ಆರಿಸುವುದೇ ಎಲುಬಿಗೆ ಮೊದಲ ಔಷಧ

ಬೆಂಕಿ ಉರಿಯುತ್ತಿರುವಾಗ ಕ್ಯಾಲ್ಸಿಯಂ ಗುಳಿಗೆಯೊಂದರಿಂದ ಏನೂ ಉಳಿಯದು. ಮೊದಲ ಹಂತದಲ್ಲಿ ನ್ಯಾಪ್ರಾಕ್ಸೆನ್, ಎಟೊರಿಕಾಕ್ಸಿಬ್‌ನಂಥ ಉರಿಯೂತ ಶಾಮಕಗಳು. ಅವು ಮೂತ್ರಪಿಂಡ, ಹೊಟ್ಟೆ, ರಕ್ತದೊತ್ತಡದ ಮೇಲೆ ಕೈಯಿಡುವುದರಿಂದ ಅಂಗಡಿಯಿಂದ ತಾವೇ ತಂದು ನುಂಗುವಂಥವಲ್ಲ. ಅವುಗಳಿಗೆ ಬಗ್ಗದಿದ್ದರೆ ಟಿಎನ್‌ಎಫ್ ಅಥವಾ ಐಎಲ್-17 ಎಂಬ ಉರಿಯೂತದ ರಾಸಾಯನಿಕಗಳನ್ನು ತಡೆಯುವ ಜೈವಿಕ ಔಷಧಗಳ ಇಂಜೆಕ್ಷನ್. ಟಿಎನ್‌ಎಫ್ ತಡೆಯುವ ಔಷಧಗಳಿಂದ ಬೆನ್ನಿನಲ್ಲೂ ತೊಡೆಸಂದಿನಲ್ಲೂ ಎಲುಬಿನ ಸಾಂದ್ರತೆ ಏರುವುದು ಅಧ್ಯಯನಗಳಲ್ಲಿ ಕಂಡಿದೆ. ಬೆಲೆ ಭಾರವೇ. 2014ರ ಕೊನೆಗೆ ಇವುಗಳಲ್ಲೊಂದಾದ ಅಡಲಿಮುಮ್ಯಾಬ್‌ನ ಭಾರತೀಯ ರೂಪ ಮಾರುಕಟ್ಟೆಗೆ ಬಂದ ಮೇಲೆ ಸ್ವಲ್ಪ ಎಟುಕುವಂತಾಗಿದೆ.

ಈ ಇಂಜೆಕ್ಷನ್‌ಗೆ ಮೊದಲು ಕ್ಷಯದ ಪರೀಕ್ಷೆ ಆಗಲೇಬೇಕು. ಮೈಯಲ್ಲಿ ಅಡಗಿ ಕುಳಿತ ಕ್ಷಯ ಈ ಔಷಧದಿಂದ ಎದ್ದು ಕೂರಬಲ್ಲದು. ಸಂಜೆ ಜ್ವರ, ತೂಕ ಇಳಿಕೆ, ಬೆನ್ನಿನ ಒಂದೇ ಜಾಗದಲ್ಲಿ ಹಗಲು ರಾತ್ರಿ ನೋವು ಇದ್ದರೆ ಅದು ಬೆನ್ನಿನ ಕ್ಷಯವೇ ಇರಬಹುದು.

ಎಲುಬು ನಿಜವಾಗಿಯೂ ಟೊಳ್ಳಾಗಿದ್ದರೆ ಅದಕ್ಕೇ ಬೇರೆ ಔಷಧಗಳಿವೆ. ಅಲೆಂಡ್ರೊನೇಟ್ 70 ಮಿಲಿಗ್ರಾಂ ಗುಳಿಗೆ ವಾರಕ್ಕೊಂದು: ಬರಿಹೊಟ್ಟೆಯಲ್ಲಿ, ತುಂಬು ಲೋಟ ನೀರಿನಲ್ಲಿ. ಆಮೇಲೆ ಅರ್ಧ ಗಂಟೆ ತಿನ್ನಬಾರದು, ಮಲಗಬಾರದು. ಇಲ್ಲದಿದ್ದರೆ ಅನ್ನನಾಳ ಹುಣ್ಣಾಗಬಹುದು. ನುಂಗಲು ಕಷ್ಟವಿದ್ದವರಿಗೆ ವರ್ಷಕ್ಕೊಮ್ಮೆ ಝೊಲೆಡ್ರೊನಿಕ್ ಆಸಿಡ್ ಹನಿಸುವ ದಾರಿ ಇದೆ. ಅದಕ್ಕೆ ಮೊದಲು ಮೂತ್ರಪಿಂಡವನ್ನೂ ವಿಟಮಿನ್ ಡಿಯನ್ನೂ ಪರೀಕ್ಷಿಸಿ, ಕೊರತೆ ತುಂಬಿಸಿಕೊಳ್ಳಬೇಕು. ಮಕ್ಕಳಾಗುವ ವಯಸ್ಸಿನ ಹೆಣ್ಣುಮಕ್ಕಳಿಗೆ ಈ ಔಷಧಗಳನ್ನು ತೂಗಿ ನೋಡಿಯೇ ಬರೆಯಬೇಕು.

8. ಜೋಳ ಮತ್ತು ಅನ್ನದ ತಾಟಿಗೆ ಎಳ್ಳು, ಗುರೆಳ್ಳು, ಮೊಸರು ಸೇರಲಿ

ವಯಸ್ಕರಿಗೆ ದಿನಕ್ಕೆ ಬೇಕಾದ ಕ್ಯಾಲ್ಸಿಯಂ ಸುಮಾರು 1000 ಮಿಲಿಗ್ರಾಂ. ನೂರು ಗ್ರಾಂ ಜೋಳದಲ್ಲಿ ಇರುವುದು ಮೂವತ್ತರೊಳಗೆ, ಪಾಲಿಶ್ ಅಕ್ಕಿಯಲ್ಲಿ ಇನ್ನೂ ಕಡಿಮೆ. ರಾಗಿಯಲ್ಲಿ 350ರ ಆಸುಪಾಸು ಇದೆ, ಆದರೆ ರಾಗಿ ನಮ್ಮ ಭಾಗದ ದಿನದ ಊಟವಲ್ಲ. ನಮ್ಮ ಅಡುಗೆಮನೆಯಲ್ಲೇ ಇರುವ ಸಿಪ್ಪೆ ಸಹಿತದ ಎಳ್ಳಿನಲ್ಲಿ ನೂರು ಗ್ರಾಂಗೆ ಸಾವಿರ ಮಿಲಿಗ್ರಾಂ ಮೀರಿದ ಕ್ಯಾಲ್ಸಿಯಂ ಇದೆ. ಸಂಕ್ರಾಂತಿಗೆ ಎಳ್ಳು ಹಚ್ಚಿ ಬಡಿಯುವ ಸಜ್ಜೆರೊಟ್ಟಿಯನ್ನು ವರ್ಷವಿಡೀ ಮಾಡಬಹುದು. ದಿನಾ ಗುರೆಳ್ಳು ಚಟ್ನಿಪುಡಿ, ವಾರಕ್ಕೆರಡು ಸಲ ನುಗ್ಗೆ ಸೊಪ್ಪಿನ ಪಲ್ಯ, ಎರಡು ಹೊತ್ತು ಮೊಸರು ಸಾಕಷ್ಟು ಕೊರತೆ ತುಂಬುತ್ತವೆ. ಕ್ಯಾಲ್ಸಿಯಂ ಕಡಿಮೆ ಇರುವ ಮೈಗೆ ಫ್ಲೋರೈಡ್ ಹೆಚ್ಚು ಹಾನಿ ಮಾಡುವುದರಿಂದ ಈ ಊಟಕ್ಕೆ ಇಲ್ಲಿ ದುಪ್ಪಟ್ಟು ಬೆಲೆ.

ಇಷ್ಟು ಬಿಸಿಲಿನ ನಾಡಿನಲ್ಲೂ ವಿಟಮಿನ್ ಡಿ ಕೊರತೆ ಇದೆ. ನೋವಿನಿಂದ ಮನೆ ಹಿಡಿದವರು, ಮೈತುಂಬ ಬಟ್ಟೆ ಹೊದ್ದವರು, ಪಾಳಿಯಲ್ಲಿ ಶೆಡ್ಡಿನೊಳಗೆ ದುಡಿಯುವವರು ಬಿಸಿಲು ಕಾಣುವುದೇ ಇಲ್ಲ. ದಿನಾ ಸ್ವಲ್ಪ ಹೊತ್ತು ಕೈಕಾಲಿಗೆ ಬಿಸಿಲು ಬೀಳಲಿ. 60,000 ಯೂನಿಟ್ ಗುಳಿಗೆಯನ್ನು ವೈದ್ಯರು ಹೇಳಿದಷ್ಟು ವಾರ ಮಾತ್ರ ತೆಗೆದುಕೊಳ್ಳಿ. ಅತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡ ಕೆಡುತ್ತದೆ. ಬೀಡಿ ಸಿಗರೇಟು ಬಿಡಬೇಕು. ಅವು ಎಲುಬನ್ನೂ ಕೆಡಿಸುತ್ತವೆ, ಬೆನ್ನು ಬೆಸೆಯುವುದನ್ನೂ ಬೇಗ ಮಾಡುತ್ತವೆ.

9. ವ್ಯಾಯಾಮ ದಿನಾ ಬೇಕು, ಲಟಿಕೆ ಮುರಿಸುವುದು ಎಂದೂ ಬೇಡ

ಬೆನ್ನು ನೆಟ್ಟಗಿರಿಸುವ ಚಾಚುಗಳು, ಎದೆ ಹಿಗ್ಗಿಸುವ ದೀರ್ಘ ಉಸಿರು, ಬೀಸು ನಡಿಗೆ, ದಿನಕ್ಕೊಮ್ಮೆ ಹದಿನೈದು ನಿಮಿಷ ಬೋರಲು ಮಲಗುವುದು ಈ ರೋಗದಲ್ಲಿ ಗುಳಿಗೆಯಷ್ಟೇ ಮುಖ್ಯ. ತೆಳು ದಿಂಬು, ಗಟ್ಟಿ ಹಾಸಿಗೆ ಇರಲಿ.

ಬೆನ್ನು ತುಳಿಸುವುದು, ಕ್ಷೌರದಂಗಡಿಯಲ್ಲಿ ಕುತ್ತಿಗೆ ತಿರುವಿ ಲಟಿಕೆ ತೆಗೆಸುವುದು, ಉಳುಕು ತೆಗೆಯುವವರ ಕೈಗೆ ಬೆನ್ನು ಒಪ್ಪಿಸುವುದು ಮಾತ್ರ ಬೇಡವೇ ಬೇಡ. ಬೆನ್ನು ಬೆಸೆದವರಿಗೆ, ಎಲುಬು ತೀರಾ ಟೊಳ್ಳಾದವರಿಗೆ ಹೀಗೆ ಬೆನ್ನು ತಿರುವಬಾರದೆಂದು ಅಮೆರಿಕದ ಸಂಧಿವಾತ ತಜ್ಞರ ಸಂಘ 2019ರ ಮಾರ್ಗಸೂಚಿಯಲ್ಲಿ ಖಡಾಖಂಡಿತವಾಗಿ ಹೇಳಿದೆ. ಹುಲಿಗೆಮ್ಮ ದೇವಿಗೆ, ನೆಲಕ್ಕೆ ಉದ್ದಕ್ಕೆ ಬಿದ್ದು ಏಳುತ್ತ ಸಾಗುವ ದೀಡ ನಮಸ್ಕಾರದ ಹರಕೆ ಹೊತ್ತವರಿಗೆ ನಾನು ಹೇಳುವುದು ಇಷ್ಟೇ: "ಅವ್ವಾ, ಬೆನ್ನು ಬೆಸೆದವರು ನಡೆದು ಬಂದು ಕೈ ಮುಗಿದರೂ ತಾಯಿ ಒಪ್ಪುತಾಳ." ಅಂಜನಾದ್ರಿ ಬೆಟ್ಟದ ಮೆಟ್ಟಿಲು ಹತ್ತುವವರು ಕಟಾಂಜನ ಹಿಡಿದು, ಜನಸಂದಣಿ ಇಲ್ಲದ ದಿನ ಹತ್ತಲಿ.

10. ಟೇಪು ಮತ್ತು ಗೋಡೆ: ಬಡವರ ಸ್ಕ್ಯಾನಿಂಗ್

ಪ್ರತಿ ಭೇಟಿಯಲ್ಲೂ ರೋಗಿಯ ಎತ್ತರ ಬರೆದಿಡಿ. ಹಿಮ್ಮಡಿ, ಬೆನ್ನು ಗೋಡೆಗೆ ಹಚ್ಚಿ ನಿಲ್ಲಿಸಿ ತಲೆಯ ಹಿಂಭಾಗಕ್ಕೂ ಗೋಡೆಗೂ ಇರುವ ಅಂತರ ಅಳೆಯಿರಿ. ರೋಗ ತಾನಾಗಿ ಬೆನ್ನು ಬಾಗಿಸುವುದು ವರ್ಷಗಳ ಮೇಲೆ, ನಿಧಾನವಾಗಿ. ಕೆಲವೇ ವಾರಗಳಲ್ಲಿ ಗೂನು ಏರಿದರೆ, ಎತ್ತರ ಎರಡು ಸೆಂಟಿಮೀಟರ್ ಇಳಿದರೆ ಒಳಗೆ ಮಣಿಯೊಂದು ಕುಸಿದಿದೆ ಎಂದು ಹುಡುಕಬೇಕು. ಇಂಥ ಕುಸಿತಗಳಲ್ಲಿ ಅನೇಕವು ಯಾರ ಕಣ್ಣಿಗೂ ಬೀಳದೆ, "ರೋಗ ಕೆರಳಿದೆ" ಎಂಬ ಮಾತಿನಲ್ಲಿ ಮುಚ್ಚಿಹೋಗುತ್ತವೆ.

11. ಬೆಸೆದ ಬೆನ್ನಿನವರು ಬಿದ್ದರೆ, ಮುರಿದಿಲ್ಲ ಎಂದು ಖಾತ್ರಿಯಾಗುವವರೆಗೆ ಮುರಿದಿದೆ ಎಂದೇ ತಿಳಿಯಿರಿ

ಬಚ್ಚಲಲ್ಲಿ ಜಾರಿದ್ದು, ಗದ್ದೆಯ ಬದುವಿನಲ್ಲಿ ಕಾಲು ತಪ್ಪಿದ್ದು, ಬೈಕು ಗುಂಡಿಗೆ ಇಳಿದದ್ದು ಇಷ್ಟೇ ಸಾಕು. ಹೆಚ್ಚಾಗಿ ಮುರಿಯುವುದು ಕುತ್ತಿಗೆಯ ಕೆಳಭಾಗ. ಬೆನ್ನೆಲ್ಲ ಒಂದೇ ಗಳವಾಗಿರುವುದರಿಂದ ಮುರಿದ ತುದಿಗಳು ಅತ್ತಿತ್ತ ಸರಿದು ಬೆನ್ನುಹುರಿಗೆ ಏಟು ಕೊಡುತ್ತವೆ. ಮೊದಲ ದಿನ ನಡೆದಾಡಿಕೊಂಡಿದ್ದವರ ಕೈಕಾಲು ಆಮೇಲೆ ಸೋಲುವುದೂ ಉಂಟು. ಸಾದಾ ಎಕ್ಸ್‌ರೇಯಲ್ಲಿ ಬಿರುಕು ತಪ್ಪಿಹೋಗುತ್ತದೆ, ಸಿಟಿ ಅಥವಾ ಎಂಆರ್‌ಐ ಬೇಕು. ಎರಡು ಕಡೆ ಮುರಿದಿರಬಹುದಾದ್ದರಿಂದ ಇಡೀ ಬೆನ್ನನ್ನು ನೋಡಬೇಕು.

108ಕ್ಕೆ ಕರೆ ಮಾಡಿ. ಸಿಬ್ಬಂದಿ ಬಂದ ಕೂಡಲೇ "ಇವರ ಬೆನ್ನು, ಕುತ್ತಿಗೆ ಬೆಸೆದಿದೆ" ಎಂದು ಮೊದಲ ಮಾತಿನಲ್ಲೇ ಹೇಳಿ. ಮೊದಲಿನಿಂದ ಕುತ್ತಿಗೆ ಮುಂದೆ ಬಾಗಿದ್ದರೆ ಅದನ್ನು ಸಮತಟ್ಟಾಗಿ ಒತ್ತಿ ಮಲಗಿಸಬಾರದು. ಯಾವ ಭಂಗಿಯಲ್ಲಿ ಇದ್ದರೋ ಅದೇ ಭಂಗಿಯಲ್ಲಿ ತಲೆಯ ಕೆಳಗೆ ದಿಂಬು, ಮಡಚಿದ ಕೌದಿ ಕೊಟ್ಟು ಆಧರಿಸಬೇಕು. ಬೇರೆ ಯಾವುದೇ ಆಪರೇಷನ್‌ಗೆ ಹೋದಾಗಲೂ ಅರಿವಳಿಕೆ ಕೊಡುವವರಿಗೆ ಕುತ್ತಿಗೆ ಬಾಗುವುದಿಲ್ಲ ಎಂದು ತಿಳಿಸಿ. ರೋಗದ ಹೆಸರು ಬರೆದ ಚೀಟಿಯೊಂದು ಸದಾ ಜೇಬಿನಲ್ಲಿರಲಿ. ಬಚ್ಚಲಿಗೆ ಹಿಡಿಕೆ, ನೆಲಕ್ಕೆ ಜಾರದ ಚಾಪೆ, ರಾತ್ರಿ ಒಂದು ದೀಪ ಹಾಕಿಸಿ.

ಈ ಭಾಗದ ವೈದ್ಯ ಮಿತ್ರರಲ್ಲಿ, ಫಿಸಿಯೊಥೆರಪಿಯವರಲ್ಲಿ, ಆಶಾ ಕಾರ್ಯಕರ್ತೆಯರಲ್ಲಿ ನನ್ನ ಕೋರಿಕೆ ಇದು. ಹರೆಯದವರ ಟೊಂಕನೋವು ಮೂರು ತಿಂಗಳು ದಾಟಿದರೆ ಬೆಳಗಿನ ಬಿಗಿತದ ಬಗ್ಗೆ ಕೇಳಿ. ರೋಗ ತಿಳಿದ ದಿನವೇ ಎಲುಬಿನ ಪರೀಕ್ಷೆ ಬರೆಯಿರಿ. ಬೆಸೆದ ಬೆನ್ನಿನಲ್ಲಿ ಹೊಸ ನೋವು ಬಂದರೆ ನೋವಿನ ಗುಳಿಗೆ ಕೊಟ್ಟು ಕಳಿಸಬೇಡಿ. ರೋಗಿಗಳಿಗೆ ಹೇಳುವುದೂ ಇದೆ: ಬೆನ್ನು ಬೆಸೆದುಕೊಂಡರೂ ಬಾಳು ನಿಲ್ಲುವುದಿಲ್ಲ. ಉರಿಯೂತ ಹತೋಟಿಯಲ್ಲಿದ್ದು ಎಲುಬು ಉಳಿದರೆ ದುಡಿಮೆ, ಮದುವೆ, ಮಕ್ಕಳು ಎಲ್ಲವೂ ಸಾಧ್ಯ. ಆ ಎಲುಬನ್ನು ಉಳಿಸಿಕೊಳ್ಳುವ ಕೆಲಸ ಇವತ್ತೇ ಶುರುವಾಗಲಿ.